ಬಿದಿರು, ಅಡಿಕೆ ಹಾಳೆಗಳಿಂದ ನಿಜ ಅಳತೆಯ ಡೋಡೋ ಕಟ್ಟುವ ಬಗೆ

ಚಿಕ್ಕಮಗಳೂರಿನ ಶಾಲೆಗಳ ವಿಜ್ಞಾನ ವಸ್ತುಪ್ರದರ್ಶನಕ್ಕೆ, ಮಾರಿಷಸ್ಸಿನಲ್ಲಿ ಬದುಕಿದ್ದು ಈಗ ಅಳಿದುಹೋಗಿರುವ, ಹಾರಲಾರದ ಡೋಡೋ ಹಕ್ಕಿಯ ಮಾದರಿಯನ್ನು ಮಾಡಬಯಸುವವರು ಬಿದಿರು ಸೀಳುವುದಕ್ಕೂ ಮೊದಲು ಯಾವ ಚಿತ್ರವನ್ನು ಅನುಸರಿಸಬೇಕೆಂದು ನಿರ್ಧರಿಸಿಕೊಳ್ಳಬೇಕು. ಯುರೋಪಿನ ಹಳೆಯ ವರ್ಣಚಿತ್ರಗಳಲ್ಲಿ ಅದು ವಿಪರೀತ ಕೊಬ್ಬಿದ ಹಕ್ಕಿಯಾಗಿ ಕಾಣುತ್ತದೆ. ಆದರೆ ಮಾರಿಷಸ್ ದ್ವೀಪದ ಜೌಗು ನೆಲವೊಂದರಲ್ಲಿ 1865ರಿಂದೀಚೆಗೆ ದೊರೆತ ಮೂಳೆಗಳನ್ನು ಅಳೆದು ನೋಡಿದವರು ಅದರ ಮೈ ಅಷ್ಟು ದಪ್ಪವಿರಲಿಲ್ಲವೆಂದು ತೋರಿಸಿದ್ದಾರೆ. ಜಹಾಂಗೀರನ ಆಸ್ಥಾನದ ಉಸ್ತಾದ್ ಮನ್ಸೂರನದೆಂದು ಹೇಳಲಾಗುವ, ಸುಮಾರು 1625ರ ಚಿತ್ರವನ್ನೇ ನಾನು ಆರಿಸಿಕೊಳ್ಳುತ್ತೇನೆ. ನಮ್ಮ ನೆಲಕ್ಕೆ ಬಂದಿದ್ದ ಜೀವಂತ ಡೋಡೋವನ್ನು ಕಂಡು ಬರೆದಂತಿರುವ ಆ ಚಿತ್ರದ ಹಕ್ಕಿ ತೆಳುವಾಗಿದೆ, ಕಂದುಬಣ್ಣದ್ದಾಗಿದೆ.

ಎತ್ತರ ಸುಮಾರು ಒಂದು ಮೀಟರ್ ಇರಲಿ. ಬಿದಿರಿನ ದಬ್ಬೆಗಳನ್ನು ಬುಟ್ಟಿಯಂತೆ ಹೆಣೆದು ಮೈಯನ್ನು ಮಾಡಿ, ಕಾಫಿ ಗಿಡದ ಎರಡು ಗಟ್ಟಿ ಕೊಂಬೆಗಳನ್ನು ಕಾಲುಗಳಾಗಿ ಹಲಗೆಗೆ ಬಿಗಿಯಬೇಕು. ಡೋಡೋ ಪಾರಿವಾಳದ ಬಳಗಕ್ಕೆ ಸೇರಿದ್ದರಿಂದ ಮೂರು ಬೆರಳುಗಳು ಮುಂದಕ್ಕೂ ಒಂದು ಹಿಂದಕ್ಕೂ ಚಾಚಿರಬೇಕು; ಬಾತುಕೋಳಿಯ ಪಾದವನ್ನು ಅಂಟಿಸಿದ ಮಾದರಿಗಳನ್ನು ಕಂಡಾಗ ನನಗೆ ನಿಜಕ್ಕೂ ಬೇಸರವಾಗುತ್ತದೆ. ಕೊಕ್ಕಿನ ಉದ್ದ ಹೆಚ್ಚುಕಡಿಮೆ ಒಂದು ಗೇಣು. ಅಡಿಕೆ ಹಾಳೆಯನ್ನು ರಾತ್ರಿಯಿಡೀ ನೀರಿನಲ್ಲಿ ನೆನೆಸಿ, ತುದಿ ಕೊಕ್ಕೆಯಂತೆ ಕೆಳಕ್ಕೆ ಬಾಗುವ ಹಾಗೆ ದಾರದಿಂದ ಕಟ್ಟಿ ನೆರಳಿನಲ್ಲಿ ಒಣಗಿಸಿದರೆ, ಕಟ್ಟು ಬಿಚ್ಚಿದ ಮೇಲೂ ಆ ಬಾಗು ಉಳಿಯುತ್ತದೆ. ಮೈಗೆ ಹಳೆಯ ದಿನಪತ್ರಿಕೆಯನ್ನು ಮೈದಾ ಅಂಟಿನಲ್ಲಿ ಅದ್ದಿ ನಾಲ್ಕೈದು ಪದರ ಮೆತ್ತಿ, ಒಂದು ಪದರ ಪೂರ್ತಿ ಒಣಗಿದ ನಂತರವೇ ಮುಂದಿನದನ್ನು ಹಚ್ಚಬೇಕು. ರೆಕ್ಕೆಗಳು ಪುಟ್ಟದಾಗಿರಲಿ, ಮುಖಕ್ಕೆ ಗರಿ ಬೇಡ.

ಪಕ್ಕದಲ್ಲಿ ನೆಲದ ಮೇಲೆಯೇ ಹುಲ್ಲಿನ ಗೂಡನ್ನಿಟ್ಟು, ಅದರಲ್ಲಿ ಒಂದೇ ಮೊಟ್ಟೆಯನ್ನಿಡುವುದನ್ನು ಮರೆಯಬಾರದು. 1598ರಲ್ಲಿ ಡಚ್ಚರು ಮಾರಿಷಸ್ಸಿಗೆ ಇಳಿದ ನಂತರ ಕಾಡು ಕಡಿಯಲ್ಪಟ್ಟಿತು. ಹಡಗುಗಳಲ್ಲಿ ಬಂದ ಹಂದಿ, ಇಲಿ, ಕೋತಿಗಳಿಗೆ ನೆಲದ ಗೂಡಿನ ಮೊಟ್ಟೆ ಸುಲಭದ ತುತ್ತಾಯಿತು. ಹೆಚ್ಚಿನವರು ಒಪ್ಪುವ ಕೊನೆಯ ದರ್ಶನಗಳಲ್ಲಿ 1662ರದು ಮುಖ್ಯವಾದದ್ದು. ಇಷ್ಟನ್ನು ಗೂಡಿನ ಬಳಿಯ ಫಲಕದಲ್ಲಿ ದೊಡ್ಡ ಅಕ್ಷರಗಳಲ್ಲಿ ಬರೆಯಿಸಿ.

ಮಳೆಗಾಲದಲ್ಲಿ ಬೂಷ್ಟು ಹಿಡಿಯದಂತೆ, ಕೊನೆಯ ಪದರದ ಅಂಟಿಗೆ ಮಾತ್ರ ಚಿಟಿಕೆ ಮೈಲುತುತ್ತ ಬೆರೆಸಬಹುದು. ಅದು ವಿಷವಾದ್ದರಿಂದ ಆ ಪದರವನ್ನು ದೊಡ್ಡವರೇ ಕೈಗವಸು ತೊಟ್ಟು ಹಚ್ಚಿ, ಒಣಗಿದ ಮೇಲೆ ಬಣ್ಣ ಬಳಿಯಬೇಕು.