ಹುಣಸೆ ಬೀಜದ ಹೌಸಿ

“ಟೀಚರ್, ನಮಗ ಇಂಗ್ಲಿಷ್ ಬರಂಗಿಲ್ರಿ. ನೀವು ಬೋರ್ಡ್ ಮ್ಯಾಲೆ ಬರೀರಿ, ನಾವು ಬರ್ಕೋತೀವಿ.”

ನಾನು ತುಮಕೂರು ಕಡೆಯವಳು. ಹಾವೇರಿ ಜಿಲ್ಲೆಯ ಒಂದು ಹಳ್ಳಿಯ ಹೈಸ್ಕೂಲಿಗೆ ಬಂದ ಮೊದಲ ವಾರ ಎಂಟನೇ ತರಗತಿಯ ಹುಡುಗನೊಬ್ಬ ಹೇಳಿದ ಮಾತು ಇದು. ದನಿಯಲ್ಲಿ ಒರಟುತನ ಇರಲಿಲ್ಲ. ಟೀಚರಿಗೆ ಸುಮ್ನೆ ಯಾಕೆ ತೊಂದರೆ ಅನ್ನುವ ಹಾಗಿತ್ತು. ತರಗತಿಯಲ್ಲಿ 46 ಮಕ್ಕಳು. ನಮ್ಮ ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೇ ತರಗತಿಯಲ್ಲೇ ಇಂಗ್ಲಿಷ್ ಶುರುವಾಗುತ್ತದೆ. ಅಂದರೆ ಇವರೆಲ್ಲ ಏಳು ವರ್ಷ ಇಂಗ್ಲಿಷ್ ಪುಸ್ತಕ ಹಿಡಿದವರು. ಆದರೂ ಎದ್ದು ನಿಂತು ಓದು ಅಂದರೆ ಅರ್ಧಕ್ಕಿಂತ ಜಾಸ್ತಿ ಮಕ್ಕಳು ತಲೆ ಬಗ್ಗಿಸುತ್ತಿದ್ದರು.

ಆಟದ ಮೂಲಕ ಕಲಿಸಬೇಕು ಅಂತ ಎಲ್ಲ ತರಬೇತಿಯಲ್ಲೂ ಹೇಳುತ್ತಾರೆ. ನಾನೂ ಶುರು ಮಾಡಿದೆ. ಮೊದಲ ಆಟ ಸ್ಪೆಲಿಂಗ್ ಸ್ಪರ್ಧೆ. ಎಲ್ಲರೂ ನಿಲ್ಲಬೇಕು, ತಪ್ಪು ಹೇಳಿದವರು ಔಟ್, ಕೂತುಕೊಳ್ಳಬೇಕು. ಐದು ನಿಮಿಷದಲ್ಲಿ ಮೂವತ್ತು ಮಕ್ಕಳು ಕೂತಿದ್ದರು. ನಿಂತವರು ಹೇಗೂ ಇಂಗ್ಲಿಷ್ ಬರುವವರೇ. ಹಿಂದಿನ ಬೆಂಚಿನ ಒಬ್ಬ ಹುಡುಗ ತನ್ನ ಸರದಿ ಬರುವ ಮೊದಲೇ ಕೂತುಬಿಟ್ಟ. ಅದನ್ನು ನೋಡಿ ನನಗೆ ಕರುಳು ಚುರ್ ಅಂತು. ಕಲಿಯಬೇಕಾದವರನ್ನೇ ಆಟದಿಂದ ಹೊರಗೆ ಹಾಕುವ ಆಟ ಅದು. ಅವತ್ತಿನಿಂದ ನನ್ನ ತರಗತಿಯ ಯಾವ ಆಟದಲ್ಲೂ ಔಟ್ ಅನ್ನುವುದಿಲ್ಲ.

ಎರಡನೆಯ ತಪ್ಪು ರೈಮ್ಸ್. ಮೀಸೆ ಚಿಗುರುತ್ತಿರುವ ಹುಡುಗರ ಕೈಯಲ್ಲಿ ಎಲ್‌ಕೆಜಿ ಹಾಡು ಹೇಳಿಸಬಾರದು. ಇಂಗ್ಲಿಷ್ ಒಂದನೇ ತರಗತಿಯ ಮಟ್ಟದಲ್ಲಿದ್ದರೂ ಅವರ ವಯಸ್ಸು ಹದಿನಾಲ್ಕು. ಹೊಲದಲ್ಲಿ ದೊಡ್ಡವರ ಸಮಕ್ಕೆ ಕೆಲಸ ಮಾಡಿ ಬರುವವರು ಅವರು.

ಇಷ್ಟಾದ ಮೇಲೆ ನನಗೆ ಒಂದು ಸಂಗತಿ ಹೊಳೆಯಿತು. ಈ ಮಕ್ಕಳಿಗೆ ಆಸಕ್ತಿ ಇಲ್ಲ ಅಂತ ನಾವು ಸ್ಟಾಫ್ ರೂಮಿನಲ್ಲಿ ಹೇಳುತ್ತೇವಲ್ಲ, ಅದು ಆಸಕ್ತಿಯ ಮಾತೇ ಅಲ್ಲ. ಅದು ನಾಚಿಕೆ. ಹುಡುಗಿಯರ ಮುಂದೆ, ಗೆಳೆಯರ ಮುಂದೆ ತಪ್ಪು ಓದಿ ನಗೆಗೀಡಾಗುವ ಭಯ. “ಬರಂಗಿಲ್ರಿ” ಅಂದುಬಿಟ್ಟರೆ ಮರ್ಯಾದೆ ಉಳಿಯುತ್ತದೆ. ಆದ್ದರಿಂದ ಮೊದಲ ಒಂದು ತಿಂಗಳು ಯಾರೂ ಬಲವಂತಕ್ಕೆ ಒಬ್ಬರೇ ಬಾಯಿ ಬಿಡಬೇಕಾಗದ ಆಟಗಳನ್ನೇ ಆಡಿಸಿದೆ.

ಅದಕ್ಕೂ ಮುಂಚೆ ಎರಡು ಪೀರಿಯಡ್ ಒಂದೇ ಕೆಲಸ. ನೀವು ದಿನಾ ಬಳಸುವ ಇಂಗ್ಲಿಷ್ ಪದ ಹೇಳಿ ಅಂದೆ. ಬಸ್, ಟಿಕೆಟ್, ಚಾರ್ಜರ್ ಅಂತ ಮೆಲ್ಲಗೆ ಶುರುವಾಯಿತು. ಕ್ರಿಕೆಟ್ ಬಂತು, ಬೋರ್‌ವೆಲ್ ಬಂತು, ಮೋಟರ್, ಸ್ಟಾರ್ಟರ್, ಪೈಪ್ ಬಂದವು. ಆಗ ಸರದಿಗೆ ಮೊದಲೇ ಕೂತಿದ್ದ ಆ ಹಿಂದಿನ ಬೆಂಚಿನ ಹುಡುಗ ಬಾಯಿ ಬಿಟ್ಟ. ಅವರ ಮನೆಯಲ್ಲಿ ಟ್ರ್ಯಾಕ್ಟರ್ ಇದೆ. ಕ್ಲಚ್, ಗೇರ್, ಬ್ರೇಕ್, ಬಾನೆಟ್, ಸೈಲೆನ್ಸರ್, ಹೈಡ್ರಾಲಿಕ್, ರೇಡಿಯೇಟರ್, ಟ್ರೈಲರ್. ನಿಲ್ಲಿಸದೆ ಹೇಳಿದ. ಬೋರ್ಡಿನಲ್ಲಿ ಬರೆಯಲು ನನ್ನ ಕೈ ಸಾಲಲಿಲ್ಲ. ಎರಡು ದಿನಕ್ಕೆ 140 ಪದ ದಾಟಿದವು. ಅರ್ಥ ಹೇಳಿಕೊಡಬೇಕಾದ ಪದ ಅದರಲ್ಲಿ ಒಂದೂ ಇಲ್ಲ. ಓದಲು ಮತ್ತು ಬರೆಯಲು ಕಲಿತರೆ ಸಾಕು. ಆ ಪಟ್ಟಿಯನ್ನು ಚಾರ್ಟಿಗೆ ಇಳಿಸಿ ಗೋಡೆಗೆ ಅಂಟಿಸಿದೆ. ನಮ್ಮ ಆಟಗಳಿಗೆಲ್ಲ ಅದೇ ಬಂಡವಾಳ.

ಅತಿ ಹೆಚ್ಚು ಫಲ ಕೊಟ್ಟ ಆಟ ಹೌಸಿ. ಗಣೇಶ ಹಬ್ಬದಲ್ಲಿ, ಮದುವೆ ಮನೆಯಲ್ಲಿ ಆಡುವ ತಂಬೋಲಾ. ಅಲ್ಲಿ 1ರಿಂದ 90ರವರೆಗಿನ ಅಂಕಿ, ಇಲ್ಲಿ ಪದಗಳು. ನಾನು ಬೋರ್ಡಿನಲ್ಲಿ ಹದಿನೈದು ಪದ ಬರೆಯುತ್ತೇನೆ. ಮಕ್ಕಳು ನೋಟ್‌ಬುಕ್ಕಿನಲ್ಲಿ ಒಂಬತ್ತು ಮನೆ ಗೀಚಿ, ತಮಗೆ ಬೇಕಾದ ಒಂಬತ್ತು ಪದ ಆರಿಸಿ ತುಂಬುತ್ತಾರೆ. ನಾನು ಪದ ಕೂಗುತ್ತೇನೆ. ಆ ಪದ ಇರುವ ಮನೆಯ ಮೇಲೆ ಹುಣಸೆ ಬೀಜ ಇಡಬೇಕು. ಪೆನ್ನಿನಿಂದ ಹೊಡೆದುಹಾಕಿದರೆ ಚೌಕ ಒಂದೇ ಸಲಕ್ಕೆ ಮುಗಿಯಿತು. ಬೀಜ ಇಟ್ಟರೆ ಅದೇ ಚೌಕದಲ್ಲಿ ಮೂರು ಸಲ ಆಡಬಹುದು. ಮೂರು ಸಲ ಕಣ್ಣು ಅದೇ ಪದಗಳ ಮೇಲೆ ಓಡಾಡುತ್ತದೆ, ಅದೇ ಓದುವ ಅಭ್ಯಾಸ.

ಒಂದು ಸಾಲು ತುಂಬಿದವರು ಕೈ ಎತ್ತಿ ಆ ಮೂರು ಪದ ಓದಬೇಕು. ಗುಟ್ಟು ಇರುವುದು ಇಲ್ಲೇ. ಗೆದ್ದಿದ್ದೇನೆ ಅಂತ ತೋರಿಸಲು ಓದುವಾಗ ನಾಚಿಕೆ ಇರುವುದಿಲ್ಲ. ಉಳಿದವರು ನಗುವುದಿಲ್ಲ, ಅವನು ಓದಿದ್ದು ಸರಿಯೋ ತಪ್ಪೋ ಅಂತ ಬೋರ್ಡ್ ನೋಡುತ್ತಾರೆ. ಎರಡನೇ ವಾರದಿಂದ ಪದ ಕೂಗುವ ಬದಲು ಸುಳಿವು ಕೊಡುತ್ತೇನೆ. ‘ಇಟ್ ಸ್ಟಾಪ್ಸ್ ದ ಟ್ರ್ಯಾಕ್ಟರ್’ ಅಂದರೆ ಬ್ರೇಕ್ ಮೇಲೆ ಬೀಜ.

ಮಾತಾಡದೆ ಆಡುವ ಇನ್ನೊಂದು ಆಟ ಆಜ್ಞೆಯ ಆಟ. ಟಚ್ ದ ವಾಲ್, ಓಪನ್ ದ ಬ್ಯಾಗ್ ಅಂತ ನಾನು ಹೇಳಬೇಕು, ಅವರು ಮಾಡಬೇಕು, ಅಷ್ಟೆ. 1960ರ ದಶಕದಲ್ಲಿ ಜೇಮ್ಸ್ ಆಶರ್ ಅನ್ನುವ ಅಮೆರಿಕದ ಮನಃಶಾಸ್ತ್ರಜ್ಞ ಇದನ್ನೇ ಒಂದು ಬೋಧನಾ ಕ್ರಮವಾಗಿ ಬೆಳೆಸಿದರು. ಕೂಸು ಮೊದಲು ಕೇಳಿ ಮೈಯಿಂದ ಉತ್ತರ ಕೊಡುತ್ತದೆ, ಮಾತು ಆಮೇಲೆ ಬರುತ್ತದೆ ಅನ್ನುವುದು ಅವರ ವಾದ. ನನ್ನ ತರಗತಿಯಲ್ಲಿ ಕಂಡದ್ದೂ ಅದೇ. ಮೂರನೇ ವಾರ ಮಕ್ಕಳೇ ಆಜ್ಞೆ ಕೊಡಲು ಮುಂದೆ ಬಂದರು.

ಒಂದು ತಿಂಗಳಾದ ಮೇಲೆ ಓಡುವ ಉಕ್ತಲೇಖನ. ಐದು ಚಿಕ್ಕ ವಾಕ್ಯಗಳ ಚೀಟಿಯನ್ನು ಹೊರಗೆ ವರಾಂಡದ ಕಂಬಕ್ಕೆ ಅಂಟಿಸುತ್ತೇನೆ. ಇಬ್ಬಿಬ್ಬರ ಜೋಡಿ. ಒಬ್ಬ ಓಡಿ ಹೋಗಿ ಓದಿ, ನೆನಪಿಟ್ಟುಕೊಂಡು ಬಂದು ಹೇಳಬೇಕು. ಇನ್ನೊಬ್ಬ ಬರೆಯಬೇಕು. ಅರ್ಧದಲ್ಲಿ ಕೆಲಸ ಅದಲು ಬದಲು. ಮೊದಲ ದಿನ ಒಬ್ಬ ಹುಡುಗಿ ಓಡಿ ಬಂದವಳು ಗೆಳತಿಯ ಮುಂದೆ ಬಾಯಿ ತೆರೆದು ಹಾಗೇ ನಿಂತಳು. “ದಾರ್ಯಾಗ ಬಿದ್ದು ಹೋತ್ರಿ ಟೀಚರ್” ಅಂದಳು, ಮತ್ತೆ ಓಡಿದಳು. ಆ ಒಂದು ವಾಕ್ಯಕ್ಕಾಗಿ ನಾಲ್ಕು ಸಲ ಓಡಿದಳು. ನಾಲ್ಕು ಸಲ ಓದು ಅಂತ ನಾನು ಹೇಳಿದ್ದರೆ ಓದುತ್ತಿದ್ದಳಾ?

ಇದರಲ್ಲಿ ಗದ್ದಲ ಜಾಸ್ತಿ, ಅದು ನಿಜ. ಪಕ್ಕದ ತರಗತಿಗೆ ತೊಂದರೆ ಆಯಿತು, ಸ್ಟಾಫ್ ರೂಮಿನಲ್ಲಿ ಮಾತೂ ಬಂತು. ಅವರ ಸಿಟ್ಟು ತಪ್ಪಲ್ಲ. ಈಗ ಈ ಆಟಕ್ಕೆ ಬೇವಿನ ಮರದ ಕೆಳಗೆ ಹೋಗುತ್ತೇವೆ, ಚೀಟಿ ಮರಕ್ಕೆ.

ಚಾಕಲೇಟ್ ಬಹುಮಾನ ಬೇಡ. ಒಂದು ವಾರ ಕೊಟ್ಟು ನಿಲ್ಲಿಸಿದೆ. ಜಗಳ ಶುರುವಾಗಿತ್ತು, ನೋಟ ಪದದಿಂದ ಚಾಕಲೇಟಿಗೆ ಹೋಗಿತ್ತು. ಇಡೀ ಪೀರಿಯಡ್ ಆಟವೂ ಬೇಡ. ಹದಿನೈದು ನಿಮಿಷ ಸಾಕು. “ಇನ್ನೊಂದ್ಸಲ ರೀ ಟೀಚರ್” ಅನ್ನುವಾಗಲೇ ನಿಲ್ಲಿಸುತ್ತೇನೆ. ಆಮೇಲೆ ಆಟದಲ್ಲಿ ಬಂದ ಐದು ಪದ ನೋಡದೆ ಬರೆಯಬೇಕು. ಇದನ್ನು ಬಿಟ್ಟರೆ ಆಟ ಬರೀ ಆಟವಾಗಿ ಉಳಿಯುತ್ತದೆ. ಮುಂದೆ ಎಸ್ಸೆಸ್ಸೆಲ್ಸಿಯಲ್ಲಿ ಈ ಮಕ್ಕಳು ಇಂಗ್ಲಿಷಿನ 80 ಅಂಕದ ಪತ್ರಿಕೆಗೆ ಕೂರಬೇಕು, ಅಲ್ಲಿ ಬರೆಯುವುದೇ ಇರುವುದು. ನಮ್ಮ ಪಾಠಗಳಿನ್ನೂ ಹಿಂದಿವೆ. ಆದರೆ ಓದಲು ಬಾರದ ಮಗುವಿಗೆ ಪಾಠ ಮುಗಿಸಿದರೆ ಯಾರಿಗೆ ಮುಗಿಸಿದ ಹಾಗೆ?

ನವೆಂಬರಿನಲ್ಲಿ ಹೌಸಿ ಕೂಗುವ ಕೆಲಸ ಮಕ್ಕಳಿಗೇ ಬಿಟ್ಟೆ. ಟ್ರ್ಯಾಕ್ಟರ್ ಹುಡುಗನ ಸರದಿ ಬಂದ ದಿನ ಅವನು ಚಾರ್ಟಿನ ಮುಂದೆ ನಿಂತ, ಕ್ಲಚ್ ಅಂತ ಕೂಗಿದ, ಆಮೇಲೆ ಆ ಪದವನ್ನೇ ನೋಡುತ್ತ ನಿಂತುಬಿಟ್ಟ.

“ಟೀಚರ್, ಕ್ಲಚ್‌ನಾಗ ಟಿ ಯಾಕ ಐತ್ರಿ? ಕೇಳ್ಸಂಗೇ ಇಲ್ಲಲ್ರಿ.”

ಜೂನಿನಿಂದ ಅವನು ನನಗೆ ಕೇಳಿದ ಮೊದಲ ಪ್ರಶ್ನೆ ಅದು. ನಾನು ಉತ್ತರ ಹೇಳಲಿಲ್ಲ. ಹೀಗೇ ಸುಮ್ಮನಿರುವ ಟಿ ಇನ್ನೆಲ್ಲಿದೆ, ಹುಡುಕೋಣ ಅಂದೆ. ಕ್ರಿಕೆಟ್ ಹುಡುಗರು ಮ್ಯಾಚ್, ಕ್ಯಾಚ್ ಅಂದರು. ಚಾರ್ಟಿನಲ್ಲಿ ವಾಚ್, ಸ್ವಿಚ್, ಕಿಚನ್ ಸಿಕ್ಕವು. ಎಲ್ಲದರಲ್ಲೂ ‘ಚ್’ ಸದ್ದಿಗಿಂತ ಮುಂಚೆ ಸ್ವರದ ಅಕ್ಷರ ಒಂದು ಮಾತ್ರ ಇದೆ ಅಂತ ಅವರೇ ನೋಡಿದರು. ಅಷ್ಟರಲ್ಲಿ ಒಬ್ಬಳು ಎದ್ದು, ‘ಮಚ್’ ಅನ್ನುವುದರಲ್ಲಿ ಟಿ ಇಲ್ಲವಲ್ಲ ಅಂದಳು. ‘ರಿಚ್’ನಲ್ಲೂ ಇಲ್ಲ ಅಂತ ಇನ್ನೊಬ್ಬ. ಬೋರ್ಡಿನಲ್ಲಿ ಎರಡು ಪಟ್ಟಿ ಬೆಳೆದವು. ಹೌಸಿ ಅವತ್ತು ಅರ್ಧಕ್ಕೇ ನಿಂತಿತು. ಗಂಟೆ ಹೊಡೆದಾಗ ಹುಣಸೆ ಬೀಜಗಳು ಇನ್ನೂ ಚೌಕಗಳ ಮೇಲೇ ಇದ್ದವು.