ಅಂಗನವಾಡಿ ಮಕ್ಕಳ ಜೊತೆ ತಪ್ಪು ನಂಬಿಕೆಯ ಪರೀಕ್ಷೆ: ನನ್ನ ಅನುಭವ

ತನಗೆ ಗೊತ್ತಿರುವುದು ಇನ್ನೊಬ್ಬರಿಗೆ ಗೊತ್ತಿಲ್ಲದೆ ಇರಬಹುದು ಎಂಬುದು ಮಗುವಿಗೆ ಯಾವ ವಯಸ್ಸಿನಲ್ಲಿ ಹೊಳೆಯುತ್ತದೆ? ಇದನ್ನು ನೋಡಲು ಮನಶ್ಶಾಸ್ತ್ರಜ್ಞರಾದ ವಿಮ್ಮರ್ ಮತ್ತು ಪೆರ್ನರ್ 1983ರಲ್ಲಿ ಒಂದು ಪರೀಕ್ಷೆ ರೂಪಿಸಿದರು. ಬ್ಯಾರನ್-ಕೋಹೆನ್, ಲೆಸ್ಲಿ, ಫ್ರಿತ್ 1985ರಲ್ಲಿ ಬಳಸಿದ ಅದರ ಸರಳ ರೂಪವನ್ನು ಉಡುಪಿ ಸುತ್ತಿನ ಅಂಗನವಾಡಿಗಳಲ್ಲಿ ನಾನು ಮಾಡುತ್ತೇನೆ. ಪುಟ್ಟಿ, ರಾಜು ಎಂಬ ಎರಡು ಗೊಂಬೆ, ಮುಚ್ಚಳದ ಬುಟ್ಟಿ, ಡಬ್ಬ, ಚೆಂಡು: ಸಾಮಾನು ಇಷ್ಟೇ. ಕಷ್ಟವಿರುವುದು ಮಗು ತಪ್ಪು ಹೇಳಿದ್ದು ಯಾಕೆ ಎಂದು ಖಾತ್ರಿ ಮಾಡಿಕೊಳ್ಳುವುದರಲ್ಲಿ.

ಪುಟ್ಟಿ ಚೆಂಡನ್ನು ಬುಟ್ಟಿಯಲ್ಲಿಟ್ಟು ಹೊರಗೆ ಹೋಗುತ್ತಾಳೆ. ಗೊಂಬೆಯನ್ನು ಪೂರ್ತಿ ಮರೆಮಾಡಿ. ಜಡೆಯ ತುದಿ ಕಂಡರೂ ‘ಅವಳು ನೋಡ್ತಾ ಇದ್ದಾಳೆ’ ಎನ್ನುವ ಮಕ್ಕಳಿದ್ದಾರೆ. ರಾಜು ಚೆಂಡನ್ನು ಡಬ್ಬಕ್ಕೆ ಹಾಕುತ್ತಾನೆ. ಪುಟ್ಟಿ ವಾಪಸು ಬರುತ್ತಾಳೆ. ಚೆಂಡು ಇನ್ನೂ ಬುಟ್ಟಿಯಲ್ಲೇ ಇದೆ ಎಂಬುದು ಅವಳ ತಪ್ಪು ನಂಬಿಕೆ, ಹಾಗಾಗಿ ಸರಿ ಉತ್ತರ ಬುಟ್ಟಿ. ಈಗ ಮಗುವನ್ನು ಕೇಳಿ: ‘ಪುಟ್ಟಿ ಚೆಂಡನ್ನು ಮೊದಲು ಎಲ್ಲಿ ಹುಡುಕ್ತಾಳೆ?’ ಈ ‘ಮೊದಲು’ ಬಿಡಬೇಡಿ. ಇಲ್ಲದಿದ್ದರೆ ಚೆಂಡು ಸಿಗಬೇಕಾದರೆ ಎಲ್ಲಿ ಹುಡುಕಬೇಕು ಎಂದು ಕೇಳಿದ್ದಾರೆ ಅಂತ ಕೆಲವು ಮಕ್ಕಳು ಅಂದುಕೊಳ್ಳುತ್ತಾರೆ. ಆಮೇಲೆ ಇನ್ನೆರಡು ಪ್ರಶ್ನೆ: ಚೆಂಡು ಈಗ ಎಲ್ಲಿದೆ, ಶುರುವಿಗೆ ಎಲ್ಲಿತ್ತು? ಇವುಗಳಲ್ಲಿ ಒಂದು ತಪ್ಪಿದರೂ ಆ ಮಗುವಿನ ಫಲಿತಾಂಶ ಲೆಕ್ಕಕ್ಕಿಲ್ಲ. ಕಥೆಯೇ ನೆನಪಿಲ್ಲದ ಮೇಲೆ ಪುಟ್ಟಿಯ ನಂಬಿಕೆಯ ಮಾತೆಲ್ಲಿ?

ಜಾಗ ಎರಡೇ ಆದ್ದರಿಂದ ಊಹಿಸಿ ತೋರಿಸಿದರೂ ಅರ್ಧದಷ್ಟು ಸಲ ಸರಿಯಾಗುತ್ತದೆ. ಹಾಗಾಗಿ ಇನ್ನೊಂದು ಪರೀಕ್ಷೆ ಜೊತೆಗಿರಲಿ: ಪಾರ್ಲೆ-ಜಿ ಪೊಟ್ಟಣದೊಳಗೆ ಪೆನ್ಸಿಲ್. ತೆರೆದು ತೋರಿಸಿ, ಮುಚ್ಚಿ, ಇದನ್ನು ಇನ್ನೂ ನೋಡದ ಗೆಳೆಯ ಒಳಗೆ ಏನಿದೆ ಅಂತಾನೆ ಎಂದು ಕೇಳುವುದು. ಅರ್ಧ ಮಕ್ಕಳಿಗೆ ಬುಟ್ಟಿ ಎಡಗಡೆ, ಉಳಿದವರಿಗೆ ಬಲಗಡೆ ಇಡಿ. ನಡುವೆ ಸುಮಾರು 40 ಸೆಂ.ಮೀ. ಅಂತರವಿದ್ದರೆ ಬೆರಳು ಯಾವ ಕಡೆ ಎಂಬ ಅನುಮಾನ ಬರುವುದಿಲ್ಲ.

ಟೀಚರನ್ನು ಮಗುವಿನ ಬೆನ್ನ ಹಿಂದೆ ಕೂರಿಸಿ. ಪ್ರೀತಿಯಿಂದಲೇ ಅವರು ಕಣ್ಣಲ್ಲಿ ಉತ್ತರ ಹೇಳಿಕೊಟ್ಟುಬಿಡುತ್ತಾರೆ. ಸರಿಯಾಗಲಿ ತಪ್ಪಾಗಲಿ, ನಿಮ್ಮ ಬಾಯಲ್ಲಿ ಒಂದೇ ‘ಆಯ್ತು’. ಆಟಿ ತಿಂಗಳ ಮಳೆ ಶೀಟಿನ ಮಾಡಿಗೆ ಬಡಿಯುವಾಗ ಪ್ರಶ್ನೆ ಮಗುವಿನ ಕಿವಿಗೆ ಬೀಳುವುದೇ ಇಲ್ಲ. ಅಂಥ ದಿನ ಬಿಟ್ಟುಬಿಡಿ. ಭಾಷೆ ಇನ್ನೂ ಮುಖ್ಯ. ತುಳುವೋ ಕೊಂಕಣಿಯೋ ಬ್ಯಾರಿಯೋ, ಮಗು ಆಟದಲ್ಲಿ ಜಗಳವಾಡುವ ಭಾಷೆಯಲ್ಲೇ ಕೇಳಬೇಕು. ವಾಕ್ಯಗಳನ್ನು ಮೊದಲೇ ಬರೆದಿಟ್ಟು, ಆ ಭಾಷೆಯ ಇನ್ನೊಬ್ಬರಿಗೆ ಓದಿ ಹೇಳಿ ಸರಿಪಡಿಸಿಕೊಳ್ಳಿ.

ಮೂರರ ಮಕ್ಕಳು ಹೆಚ್ಚಾಗಿ ಡಬ್ಬ ತೋರಿಸುತ್ತಾರೆ, ಐದರವರು ಬುಟ್ಟಿ. ವೆಲ್ಮನ್ ಮತ್ತು ಜೊತೆಗಾರರು 2001ರಲ್ಲಿ 178 ಅಧ್ಯಯನಗಳನ್ನು ಒಟ್ಟುಮಾಡಿದಾಗ ಕಂಡದ್ದೂ ಇದೇ ದಿಕ್ಕು. ಆದರೂ ಮೂರರ ಮಗುವಿಗೆ ಏನೂ ತಿಳಿಯದು ಎಂದು ಬರೆಯುವುದು ಅನ್ಯಾಯ. ಬೆರಳು ಡಬ್ಬದ ಕಡೆ ಹೋದರೂ ಸುಮಾರು ಮೂರರ ಮಕ್ಕಳ ಕಣ್ಣು ಸರಿಯಾದ ಜಾಗಕ್ಕೆ ಹೋಗುತ್ತದೆ ಎಂದು ಕ್ಲೆಮೆಂಟ್ಸ್ ಮತ್ತು ಪೆರ್ನರ್ 1994ರಲ್ಲೇ ತೋರಿಸಿದ್ದಾರೆ. ಅದಕ್ಕಾಗಿ ಬುಟ್ಟಿ-ಡಬ್ಬಗಳ ಸರಿ ನಡುವೆ, ಮಗುವಿನ ಮುಖಕ್ಕೆ ನೇರವಾಗಿ ಮೊಬೈಲ್ ಕ್ಯಾಮೆರಾ ನಿಲ್ಲಿಸಿ, ಹೆತ್ತವರ ಒಪ್ಪಿಗೆ ಪಡೆದೇ. ‘ಪುಟ್ಟಿ ಎಲ್ಲಿ ನೋಡ್ತಾಳೋ ಏನೋ’ ಎಂದು ಎರಡು ಸೆಕೆಂಡು ಸುಮ್ಮನಿದ್ದು, ಆಮೇಲೆ ಪ್ರಶ್ನೆ ಕೇಳಿ. ಕಣ್ಣಿಗೊಂದು ಕಾಲಂ, ಬೆರಳಿಗೊಂದು ಕಾಲಂ, ಎರಡನ್ನೂ ಕೂಡಿಸಬೇಡಿ.