ಹುಳಿ ಅಡುಗೆಗೆ ಯಾವ ಪಾತ್ರೆ? ಕರಾವಳಿಯ ಅಡುಗೆಮನೆಗೊಂದು ಕೈಪಿಡಿ

ಕಪ್ಪುಹಿಡಿದ ಅಲ್ಯೂಮಿನಿಯಂ ಪಾತ್ರೆಯಲ್ಲಿ ಹುಣಸೆಹುಳಿ ನೀರು ಕುದಿಸಿದರೆ ಪಾತ್ರೆ ಬೆಳ್ಳಗಾಗುತ್ತದೆ. ಎಷ್ಟೋ ಮನೆಗಳಲ್ಲಿ ಪಾತ್ರೆ ಬೆಳಗುವ ಉಪಾಯವೇ ಇದು. ಮೇಲಿನ ಪದರವನ್ನು ಹುಳಿ ಕರಗಿಸಿ ನೀರಿಗೆ ಎಳೆದುಕೊಂಡದ್ದರಿಂದ ಆ ಹೊಳಪು ಬಂತು. ಅದೇ ಪಾತ್ರೆಯಲ್ಲಿ ಬೂತಾಯಿ ಪುಳಿಮುಂಚಿಯನ್ನೋ ಅನಾನಸು ಮೆಣಸ್ಕಾಯಿಯನ್ನೋ ಕುದಿಸಿದಾಗ ಕರಗಿದ್ದು ಹೋಗುವುದು ನಮ್ಮ ಬಟ್ಟಲಿಗೆ.

ಹಾಗಾಗಿ ಮಂಗಳೂರು, ಉಡುಪಿ ಕಡೆಯವರು ಪಾತ್ರೆ ಕೊಳ್ಳುವಾಗ ಮೊದಲು ಕೇಳಿಕೊಳ್ಳಬೇಕಾದ್ದು ಮೂರು: ಇದರಲ್ಲಿ ಹುಳಿ ಎಷ್ಟು ಬೀಳುತ್ತದೆ, ಉಪ್ಪು ಎಷ್ಟು, ಅಡುಗೆ ಎಷ್ಟು ಹೊತ್ತು ಅದರಲ್ಲೇ ಇರುತ್ತದೆ. ಹುಣಸೆ, ಪುನರ್ಪುಳಿ, ಬಿಂಬುಳಿ, ಅಂಬಟೆ ಇಲ್ಲದ ದಿನ ನಮ್ಮಲ್ಲಿ ಅಪರೂಪ. ನೀರು ಕಾಯಿಸಲು ಸರಿಹೋಗುವ ಪಾತ್ರೆ ಹುಳಿ ಬೀಳುವ ಕೊದ್ದೆಲಿಗೆ ಸರಿಹೋಗಬೇಕೆಂದಿಲ್ಲ.

ಅಲ್ಯೂಮಿನಿಯಂ ಇದ್ದರೆ ಎಸೆಯಬೇಕಾಗಿಲ್ಲ. ಕಡುಬು, ಮೂಡೆ ಬೇಯಿಸುವ ಪಾತ್ರೆಯಲ್ಲಿ ಹಿಟ್ಟು ಎಲೆಯೊಳಗಿರುತ್ತದೆ, ಲೋಹಕ್ಕೆ ತಾಗುವುದು ಬರೀ ನೀರು ಮತ್ತು ಆವಿ. ಕುಕ್ಕರಿನಲ್ಲಿ ಬೇಳೆ ಬೇಯಿಸಿ, ಹುಳಿ ಮತ್ತು ಮಸಾಲೆ ಸೇರಿಸುವಾಗ ಸ್ಟೀಲ್ ಪಾತ್ರೆಗೆ ಬಗ್ಗಿಸಿಕೊಳ್ಳಿ. ಆಹಾರದಲ್ಲಿನ ಅಲ್ಯೂಮಿನಿಯಂಗೆ ವಿಶ್ವಸಂಸ್ಥೆಯ ಆಹಾರ ತಜ್ಞರ ಸಮಿತಿ 2011ರಲ್ಲಿ ಇಟ್ಟ ಮಿತಿ ವಾರಕ್ಕೆ ದೇಹತೂಕದ ಕಿಲೋಗೆ 2 ಮಿಲಿಗ್ರಾಂ, ಅಂದರೆ 60 ಕಿಲೋ ತೂಗುವವರಿಗೆ 120 ಮಿಲಿಗ್ರಾಂ. ಮೂತ್ರಪಿಂಡ ಆರೋಗ್ಯವಾಗಿದ್ದವರಲ್ಲಿ ಹೆಚ್ಚಿನದು ಹೊರಹೋಗುತ್ತದೆ. ಮೂತ್ರಪಿಂಡದ ಕಾಯಿಲೆ ಇರುವವರ ಮೈಯಲ್ಲಿ ಅದು ಉಳಿದುಕೊಳ್ಳುತ್ತದೆ, ಅಂಥವರಿರುವ ಮನೆಯಲ್ಲಿ ಹುಳಿಗೆ ಈ ಲೋಹ ಬೇಡವೇ ಬೇಡ.

ಇದಕ್ಕಿಂತ ದೊಡ್ಡ ಭಯ ಸೀಸದ್ದು. ಗುಜರಿ ಲೋಹ ಕರಗಿಸಿ ಎರಕ ಹೊಯ್ದ ಅಗ್ಗದ ಪಾತ್ರೆಗಳಲ್ಲಿ ಸೀಸ ಸೇರಿರಬಹುದು, ಕಣ್ಣಿಗೆ ಕಾಣುವುದಿಲ್ಲ, ನಾಲಗೆಗೂ ತಿಳಿಯುವುದಿಲ್ಲ. ಇಂಡಾಲಿಯಂ, ಹಿಂಡಾಲಿಯಂ ಎಂಬ ಹೆಸರಿನ ಮಿಶ್ರಲೋಹ, ಅಲ್ಯೂಮಿನಿಯಂ ಮತ್ತು ಹಿತ್ತಾಳೆಯ ಕೆಲವು ಆಮದು ಪಾತ್ರೆಗಳಿಂದ ಸೀಸ ಆಹಾರಕ್ಕೆ ಇಳಿಯಬಹುದೆಂದು ಅಮೆರಿಕದ ಆಹಾರ ಮತ್ತು ಔಷಧ ಇಲಾಖೆ 2025ರಲ್ಲಿ ಎಚ್ಚರಿಸಿತು. ಸೀಸಕ್ಕೆ ಇಷ್ಟಾದರೆ ಪರವಾಗಿಲ್ಲ ಎಂಬ ಪ್ರಮಾಣವೇ ಇಲ್ಲ, ಮಕ್ಕಳ ಮಿದುಳಿಗೆ ಅದು ಮೊದಲ ಏಟು ಕೊಡುತ್ತದೆ. ಆದ್ದರಿಂದ ಗುರುತಿಲ್ಲದ, ತೂಕದ ಲೆಕ್ಕದಲ್ಲಿ ಮಾರುವ ಎರಕದ ಬಾಣಲೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡಿ. ಐಎಸ್‌ಐ ಗುರುತು ನೋಡಿ: ಅಲ್ಯೂಮಿನಿಯಂ ಪಾತ್ರೆಗೆ ಐಎಸ್ 1660, ಸ್ಟೀಲಿಗೆ ಐಎಸ್ 14756 ಎಂಬ ಸಂಖ್ಯೆ ಇರಬೇಕು. ಈ ಎರಡಕ್ಕೂ ಗುರುತು ಕಡ್ಡಾಯ ಮಾಡುವ ಆದೇಶವನ್ನು ಕೇಂದ್ರ ಸರಕಾರ 2024ರ ಮಾರ್ಚಿನಲ್ಲಿ ಹೊರಡಿಸಿದೆ.

ದಿನದ ಹುಳಿ, ಸಾರಿಗೆ ಸ್ಟೀಲೇ ನಮ್ಮ ಮೊದಲ ಆಯ್ಕೆ. 304 ಅಥವಾ 18/8 ಎಂದು ಅಚ್ಚೊತ್ತಿದ್ದನ್ನು ಕೇಳಿ: ನೂರರಲ್ಲಿ ಸುಮಾರು 18 ಪಾಲು ಕ್ರೋಮಿಯಂ, 8 ಪಾಲು ನಿಕ್ಕಲ್. ಅಂಗಡಿಯಲ್ಲಿ ಅಯಸ್ಕಾಂತ ಹಿಡಿದು, ಅಂಟಲಿಲ್ಲ, ಒಳ್ಳೆಯ ಸ್ಟೀಲು ಎನ್ನುತ್ತಾರೆ. ಆ ಪರೀಕ್ಷೆ ಅರ್ಧ ಮಾತ್ರ ಸರಿ, ನಿಕ್ಕಲ್ ಕಡಿಮೆ ಇರುವ 202 ದರ್ಜೆಯ ಸ್ಟೀಲು ಕೂಡ ಅಂಟುವುದಿಲ್ಲ. ಇಂಡಕ್ಷನ್ ಪಾತ್ರೆಯ ತಳ ಅಂಟಲೇಬೇಕು, ಆದ್ದರಿಂದ ಅಯಸ್ಕಾಂತವನ್ನು ಅದರ ಬದಿಗೆ ಹಿಡಿದು ನೋಡಿ. ತೆಳು ಸ್ಟೀಲು ತಳ ಹಿಡಿಯುತ್ತದೆ. ಎರಡು ಸ್ಟೀಲ್ ಹಾಳೆಗಳ ನಡುವೆ ಅಲ್ಯೂಮಿನಿಯಂ ಇರುವ ಟ್ರೈಪ್ಲೈ ತಗೊಂಡರೆ ಬಿಸಿ ಸಮನಾಗಿ ಹರಡುತ್ತದೆ, ಅಡುಗೆಗೆ ತಾಗುವುದು ಸ್ಟೀಲೇ.

ಹೊಸ ಸ್ಟೀಲ್ ಪಾತ್ರೆಯ ಒಳಗೆ ಪಾಲಿಶ್ ಮಾಡಿದ ಕರಿ ಉಳಿದಿರುತ್ತದೆ, ಸಾಬೂನಿಗೆ ಅದು ಪೂರ್ತಿ ಹೋಗದು. ಮೊದಲು ಎಣ್ಣೆ ಸವರಿ ಹಳೆ ಬಟ್ಟೆಯಿಂದ ಕಪ್ಪು ಬರುವುದು ನಿಲ್ಲುವವರೆಗೆ ಒರಸಿ, ಆಮೇಲೆ ತೊಳೆಯಿರಿ. ನಂತರ ಹುಣಸೆ ನೀರನ್ನು ಅರ್ಧ ಗಂಟೆ ಕುದಿಸಿ ಚೆಲ್ಲಿ, ಎರಡು ಸಲ. ನಿಕ್ಕಲ್ ಹೆಚ್ಚು ಬಿಡುವುದು ಮೊದಲ ಕೆಲವು ಹುಳಿ ಅಡುಗೆಗಳಲ್ಲಿ. ಉಪ್ಪನ್ನು ನೀರು ಕುದಿದ ಮೇಲೆ ಹಾಕಿ. ತಣ್ಣೀರಿಗೆ ಹಾಕಿದ ಕಲ್ಲುಪ್ಪು ತಳದಲ್ಲಿ ಕೂತು ಸೂಜಿಮೊನೆಯಷ್ಟು ಕುಳಿ ಕೊರೆಯುತ್ತದೆ. ಉಪ್ಪುನೀರಲ್ಲಿಡುವ ಉಪ್ಪುಸೊಳೆ, ನೀರುಮಾವು, ಹಾಗೆಯೇ ಉಪ್ಪಿನಕಾಯಿಗೆ ಸ್ಟೀಲ್ ಡಬ್ಬ ಬೇಡ, ಗಾಜು ಅಥವಾ ಒಳಮೈ ಚಕ್ಕೆ ಏಳದ ಭರಣಿ ಇರಲಿ.

ಮೀನಿನ ಗಸಿಗೆ ಮಣ್ಣಿನ ಅಳಗೆಗೆ, ತುಳುವರ ಬಿಸಲೆಗೆ, ಸಮನಾದದ್ದು ಇಲ್ಲ. ಹುಳಿಗೆ ಅದು ಕರಗುವುದಿಲ್ಲ, ಮಾರನೆಯ ದಿನದವರೆಗೆ ಸಾರು ಅದರಲ್ಲೇ ಇದ್ದರೂ ಚಿಂತೆಯಿಲ್ಲ. ಬಣ್ಣ ಬಳಿದದ್ದು, ಒಳಗೆ ಗಾಜಿನ ಹೊಳಪಿನ ಲೇಪ ಇರುವುದು ಮಾತ್ರ ಬೇಡ, ಲೇಪದಲ್ಲಿ ಸೀಸ ಇರಬಹುದು. ಬೆರಳ ಗೆಣ್ಣಿನಿಂದ ಬಡಿದರೆ ಟಣ್ ಎನ್ನಬೇಕು, ದಪ್ಪ್ ಎಂದರೆ ಒಳಗೆ ಬಿರುಕಿದೆ. ಒಂದು ದಿನ ನೀರಲ್ಲಿ ಮುಳುಗಿಸಿಡಿ. ಆಮೇಲೆ ಕುಚ್ಚಲಕ್ಕಿ ಗಂಜಿಯ ತಿಳಿ ತುಂಬಿ ಸಣ್ಣ ಉರಿಯಲ್ಲಿ ಒಂದು ಗಂಟೆ ಕುದಿಸಿ, ಒಲೆಯ ಮೇಲೆಯೇ ಆರಲು ಬಿಡಿ. ಪಿಷ್ಟ ಸಣ್ಣ ರಂಧ್ರಗಳಿಗೆ ಹೋಗಿ ಸೋರುವುದನ್ನು ನಿಲ್ಲಿಸುತ್ತದೆ. ಸಾಬೂನು ಹಾಕಿದರೆ ಮಣ್ಣು ಅದನ್ನು ಹೀರಿ ಮುಂದಿನ ಸಾರಿಗೆ ಬಿಡುತ್ತದೆ, ಬಿಸಿನೀರು ಮತ್ತು ತೆಂಗಿನ ನಾರು ಸಾಕು. ಬಿಸಿ ಅಳಗೆಗೆ ತಣ್ಣೀರು ಹೊಯ್ದರೆ ಒಡೆಯುತ್ತದೆ. ಮಳೆಗಾಲದಲ್ಲಿ ಪೂರ್ತಿ ಒಣಗಿಸದೆ ಮುಚ್ಚಿಟ್ಟರೆ ಬೂಸ್ಟು ಹಿಡಿಯುತ್ತದೆ.

ಕಬ್ಬಿಣದ ಕಾವಲಿ ನೀರುದೋಸೆಗೂ ಮೀನು ಹುರಿಯಲೂ ಸೈ. ಅದು ಕೈಕೊಡುವುದು ಪಳಗಿಸುವಾಗ ತೆಂಗಿನೆಣ್ಣೆ ಬಳಸುವುದರಿಂದ. ತೆಂಗಿನೆಣ್ಣೆ ಬಿಸಿಗೆ ಗಟ್ಟಿ ಪದರವಾಗಿ ಕೂರುವುದು ಕಡಿಮೆ. ಸೂರ್ಯಕಾಂತಿ ಅಥವಾ ಎಳ್ಳೆಣ್ಣೆ ತಗೊಳ್ಳಿ. ಹೊಸ ಕಾವಲಿಯನ್ನು ಸಾಬೂನು ಹಾಕಿ ಉಜ್ಜಿ, ಒಲೆಯ ಮೇಲೆ ಒಣಗಿಸಿ, ಅರ್ಧ ಚಮಚ ಎಣ್ಣೆ ಸವರಿ, ಎಣ್ಣೆಯೇ ಇಲ್ಲವೆನ್ನುವಷ್ಟು ಒರಸಿ ತೆಗೆಯಿರಿ. ಹೊಗೆ ನಿಲ್ಲುವವರೆಗೆ ಕಾಯಿಸಿ, ಆರಿಸಿ, ಹೀಗೆ ನಾಲ್ಕೈದು ಸಲ. ಎಣ್ಣೆ ಹೆಚ್ಚಾದರೆ ಪದರ ಅಂಟಂಟಾಗುತ್ತದೆ, ದೋಸೆ ಏಳುವುದಿಲ್ಲ. ಇದರಲ್ಲಿ ಹುಳಿ ಕುದಿಸಿದರೆ ಪದರವೇ ಎದ್ದುಬರುತ್ತದೆ. ಆಹಾರಕ್ಕೆ ಇಳಿಯುವ ಕಬ್ಬಿಣ ರಕ್ತಹೀನತೆ ಇರುವವರಿಗೆ ಒಳ್ಳೆಯದು, ಆದರೆ ಥಲಸ್ಸೀಮಿಯಾ ಎಂಬ ಆನುವಂಶಿಕ ರಕ್ತದ ಕಾಯಿಲೆ ಇರುವವರು ವೈದ್ಯರನ್ನು ಕೇಳಿಯೇ ಬಳಸಬೇಕು.

ಹಿತ್ತಾಳೆ, ತಾಮ್ರದ ಪಾತ್ರೆಯಲ್ಲಿ ಅಡುಗೆಯೆಂದರೆ ಕಲಾಯಿ ಇರಲೇಬೇಕು. ಒಳಗೆ ಹಳದಿ ಅಥವಾ ಕೆಂಪು ಇಣುಕಿದ ದಿನವೇ ಹುಳಿ, ಮಜ್ಜಿಗೆ ನಿಲ್ಲಿಸಿ, ಕಿಲುಬು ಹೊಟ್ಟೆಗೆ ಹೋದರೆ ವಾಂತಿಯಾಗುತ್ತದೆ. ಕಲಾಯಿಗೆ ಶುದ್ಧ ತವರವನ್ನೇ ಹಾಕಿಸಿ, ಸೀಸ ಬೆರೆತದ್ದು ಬೇಡ. ತವರ 232 ಡಿಗ್ರಿಗೆ ಕರಗುತ್ತದೆ, ಆದ್ದರಿಂದ ಒಗ್ಗರಣೆಗೆಂದು ಖಾಲಿ ಪಾತ್ರೆ ಕಾಯಿಸಬಾರದು.

ನಾನ್‌ಸ್ಟಿಕ್‌ನಲ್ಲಿಯೂ ಖಾಲಿ ಕಾಯಿಸುವುದೇ ತಪ್ಪು. ಲೇಪ ಸುಮಾರು 260 ಡಿಗ್ರಿ ದಾಟಿದರೆ ಕೆಡಲು ಶುರು, ದೊಡ್ಡ ಉರಿಯಲ್ಲಿ ಖಾಲಿ ಕಾವಲಿ ಕೆಲವೇ ನಿಮಿಷದಲ್ಲಿ ಅಲ್ಲಿಗೆ ತಲುಪುತ್ತದೆ. ಆ ಹೊಗೆ ಮನೆಯ ಪಂಜರದ ಗಿಳಿಯನ್ನು ಕೊಲ್ಲಬಲ್ಲದು. ಮಧ್ಯಮ ಉರಿ, ಮರದ ಸಟ್ಟುಗ, ಗೀರು ಬಿದ್ದು ಲೇಪ ಏಳತೊಡಗಿದರೆ ಬದಲಿಸುವುದು. ನೀರುದೋಸೆಗಾಗಿಯೇ ಅದನ್ನು ಇಟ್ಟುಕೊಂಡವರು ಮೇಲೆ ಹೇಳಿದಂತೆ ಒಂದು ಕಾವಲಿ ಪಳಗಿಸಿ, ಮೊದಲ ದೋಸೆಗೆ ಮುಂಚೆ ಅರ್ಧ ಕೊಯ್ದ ನೀರುಳ್ಳಿಯಿಂದ ಎಣ್ಣೆ ಉಜ್ಜಿ ನೋಡಿ.